ಏರಿಯ ಕಾವಲು: ಸ್ಯಾಂಕಿ ಕೆರೆಯ ಇತಿಹಾಸ ಹೇಳುವ ಪಾಠ

ದಾನ ಮಾಡುವುದಕ್ಕಿಂತ ಹಿಂದಿನವರು ಮಾಡಿದ ದಾನವನ್ನು ಪಾಲಿಸುವುದು ಮೇಲು ಎಂಬ ಅಭಿಪ್ರಾಯ ನಮ್ಮ ನಾಡಿನ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ದೇವಾಲಯ, ಅಗ್ರಹಾರ, ಮಠಮಾನ್ಯಗಳ ವಿಷಯದಲ್ಲಿ ಎಷ್ಟು ನಿಜವೋ ಕೆರೆಯ ವಿಷಯದಲ್ಲಿ ಈ ಮಾತು ಅದಕ್ಕಿಂತ ಹೆಚ್ಚು ನಿಜ. ಪಾಲನೆ ತಪ್ಪಿದ ದೇವಾಲಯ ಪಾಳುಬಿದ್ದರೆ ನಷ್ಟ ಅದರದೇ. ಪಾಲನೆ ತಪ್ಪಿದ ಕೆರೆ ಒಡೆದರೆ ಕೆಳಗಿರುವ ಊರಿನ ಹೊಲ, ಮನೆ, ಜೀವಗಳೆಲ್ಲ ಅದರೊಡನೆ ಹೋಗುತ್ತವೆ.

ಬೆಂಗಳೂರಿನ ವೈಯಾಲಿಕಾವಲ್ ಬಡಾವಣೆಯಿಂದ ಉತ್ತರಕ್ಕೆ ನಡೆದುಹೋದರೆ ಸ್ಯಾಂಕಿ ಕೆರೆಯ ಏರಿ ಸಿಗುತ್ತದೆ. ಹಗಲಿರುಳು ವಾಹನಗಳು ಓಡಾಡುವ ಆ ರಸ್ತೆಯ ಮೇಲೆ ಹೋಗುವ ಎಷ್ಟೋ ಜನರಿಗೆ ತಾವು ಒಂದು ಅಣೆಯ ನೆತ್ತಿಯ ಮೇಲೆ ಸಾಗುತ್ತಿದ್ದೇವೆಂಬ ಅರಿವೇ ಇರುವುದಿಲ್ಲ. ಹಳಗನ್ನಡದಲ್ಲಿ ವೈಹಾಳಿ ಎಂದರೆ ಕುದುರೆಸವಾರಿ. ಕಾವಲ್ ಎಂದರೆ ಕಾಯ್ದಿಟ್ಟ ಹುಲ್ಲುಗಾವಲು. ಕಾವಲ್ ಎಂಬ ಆ ಮಾತಿಗೆ ಇನ್ನೊಂದು ಅರ್ಥವೂ ಉಂಟು, ರಕ್ಷಣೆಯೆಂದು. ಆ ಎರಡನೆಯ ಅರ್ಥವನ್ನು ಹಿಡಿದು ಈ ಕೆರೆಯ ಕಥೆಯನ್ನೂ, ನಮ್ಮ ನಾಡಿನ ಸಣ್ಣ ಏರಿಗಳನ್ನು ಯಾರು ಕಾದರು, ಈಗ ಯಾರು ಕಾಯುತ್ತಿದ್ದಾರೆ ಎಂಬುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬರದಿಂದ ಹುಟ್ಟಿದ ಕೆರೆ

1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಧಾತು-ಈಶ್ವರ ಸಂವತ್ಸರಗಳ ಬರದ ನೆನಪು ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು ಎಂದರೆ ಆ ಬರದ ಉಗ್ರತೆಯನ್ನು ಊಹಿಸಬಹುದು. ಇಂತಹ ನೀರಿನ ಅಭಾವ ಮತ್ತೆ ನಗರವನ್ನು ಕಾಡಬಾರದೆಂಬ ಮುಂದಾಲೋಚನೆಯಿಂದ 1882ರಲ್ಲಿ ಈ ಕೆರೆ ನಿರ್ಮಾಣವಾಯಿತು. ಸಮೀಪದಲ್ಲಿ ಸರ್ಕಾರದ ಶ್ರೀಗಂಧದ ದಾಸ್ತಾನು ಇದ್ದುದರಿಂದ ಜನ ಇದನ್ನು ಗಂಧದಕೋಠಿ ಕೆರೆ ಎಂದೂ ಕರೆದರು. ಇದರ ವಿಸ್ತಾರ ಸುಮಾರು 37 ಎಕರೆ. ಮಿಲ್ಲರ್ ಕೆರೆ ಮತ್ತು ಧರ್ಮಾಂಬುಧಿ ಕೆರೆಗಳೊಡನೆ ಸಂಬಂಧ ಹೊಂದಿ, ನಗರಕ್ಕೆ ನೀರೊದಗಿಸುವ ವ್ಯವಸ್ಥೆಯ ಒಂದು ಅಂಗವಾಗಿ ಇದು ಕಟ್ಟಲ್ಪಟ್ಟಿತು.

ಈ ಕೆರೆಗೆ ಹೆಸರು ಕೊಟ್ಟ ರಿಚರ್ಡ್ ಸ್ಯಾಂಕಿಯವರು ಮದರಾಸು ಇಂಜಿನಿಯರುಗಳ ದಳಕ್ಕೆ ಸೇರಿದವರು; 1864ರಿಂದ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದವರು. ಇಂದು ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯ ಕೆಂಪು ಕಟ್ಟಡದೊಡನೆ ಅವರ ಹೆಸರು ಸೇರಿಕೊಂಡಿದೆ. ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಅವರ ಕಟ್ಟಡಗಳಿಗಿಂತ 1866ರಲ್ಲಿ ಅವರು ಮೈಸೂರಿನ ಕೆರೆಗಳನ್ನು ಕುರಿತು ಬರೆದ ವರದಿ ಮುಖ್ಯವಾದುದು. ಸಂಸ್ಥಾನದ 27,269 ಚದರ ಮೈಲಿ ನೆಲದಲ್ಲಿ ಸುಮಾರು ಶೇಕಡಾ 60ರಷ್ಟು ಭಾಗ ಇಲ್ಲಿನ ಜನರ ತಾಳ್ಮೆಯ ದುಡಿಮೆಯಿಂದ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದು ಅವರು ಗುರುತಿಸಿದರು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬಷ್ಟು ದಟ್ಟವಾಗಿ ಈ ನಾಡಿನಲ್ಲಿ ಕೆರೆಗಳು ಹಬ್ಬಿದ್ದವು.

ಈ ಕೆರೆಗಳು ಬಿಡಿಬಿಡಿಯಾದವುಗಳಲ್ಲ. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುತ್ತದೆ. ಅದರ ಕೋಡಿ ಮುಂದಿನದನ್ನು ತುಂಬುತ್ತದೆ. ಆದುದರಿಂದ ಸರಪಳಿಯ ಮೇಲ್ತುದಿಯ ಒಂದು ಸಣ್ಣ ಏರಿ ಒಡೆದರೆ ಅದರ ನೀರು ಕೆಳಗಿನ ಏರಿಯ ಮೇಲೆ ಒಮ್ಮೆಗೇ ಬಿದ್ದು, ಅದೂ ಒಡೆದು, ವಿಪತ್ತು ಇಳಿಯುತ್ತ ಬೆಳೆಯುತ್ತದೆ. ಸಣ್ಣ ಕೆರೆಯೆಂದು ಯಾವುದನ್ನೂ ಕಡೆಗಣಿಸಲಾಗದು ಎಂಬುದು ಮೈಸೂರಿನ ಕೆರೆಗಳನ್ನು ಬಲ್ಲ ಪ್ರತಿಯೊಬ್ಬ ಇಂಜಿನಿಯರೂ ಕಲಿತ ಮೊದಲ ಪಾಠ.

ಪೂರ್ವಿಕರ ಕಾವಲು

ಆಂಗ್ಲ ಇಂಜಿನಿಯರುಗಳು ಬರುವುದಕ್ಕೆ ಶತಮಾನಗಳ ಮೊದಲೇ ಈ ವಿದ್ಯೆ ನಮ್ಮಲ್ಲಿ ಪಕ್ವವಾಗಿತ್ತು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ ಕಾಯಕಕ್ಕೆ ಲೋಕಹಿತದ ಅರ್ಥವನ್ನು ತುಂಬಿದ ಸಿದ್ಧರಾಮೇಶ್ವರರನ್ನು ಅರಿಯದ ಭಕ್ತರಿಲ್ಲ. ಸೊಲ್ಲಾಪುರದಲ್ಲಿ ಆ ಕೆರೆಯೂ ಅದರ ನಡುವಿನ ದೇವಾಲಯವೂ ಇಂದಿಗೂ ಇವೆ. ಬೇಲೂರಿನಲ್ಲಿ ಕೆರೆ ಕಟ್ಟಿಸಿದ ಕಾರಣದಿಂದಲೇ ಪದ್ಮರಸರು ಕೆರೆಯ ಪದ್ಮರಸರೆಂದು ಹೆಸರಾದರು. ಬಸವಣ್ಣನವರು ಕೂಡ, ಕಾಯಬೇಕಾದವರೇ ಕೆಡಿಸುವ ದುರವಸ್ಥೆಯನ್ನು ಹೇಳುವಾಗ, ತಡೆದು ನಿಲ್ಲಿಸಬೇಕಾದ ಒಡ್ಡು ತಾನೇ ನೀರನ್ನು ಹೀರಿಕೊಳ್ಳುವ ಚಿತ್ರವನ್ನು ಉಪಮೆಯಾಗಿ ತಂದಿದ್ದಾರೆ. ಕೆರೆಯ ದಂಡೆಯಲ್ಲಿ ಬದುಕಿದ ಜನಕ್ಕೆ ಆ ಉಪಮೆಯ ಭಯ ವಿವರಿಸದೆಯೇ ತಿಳಿಯುತ್ತಿತ್ತು.

ವಿಜಯನಗರದ ಕಾಲದ ಪೋರುಮಾಮಿಳ್ಳ ಶಾಸನ (1369) ಈ ವಿಷಯದಲ್ಲಿ ಒಂದು ಪಠ್ಯಪುಸ್ತಕದಂತಿದೆ. ಮೊದಲನೆಯ ಬುಕ್ಕರಾಯನ ಮಗ ಭಾಸ್ಕರನು ಇಂದಿನ ಕಡಪ ಪ್ರಾಂತದಲ್ಲಿ ಕಟ್ಟಿಸಿದ ಕೆರೆಯನ್ನು ಕುರಿತದ್ದು ಅದು. ಪ್ರತಿದಿನ 1,000 ಜನ ಆಳುಗಳು, 100 ಬಂಡಿಗಳು ಎರಡು ವರ್ಷ ದುಡಿದು ಆ ಕೆರೆ ಪೂರ್ಣವಾಯಿತೆಂದು ಹೇಳುವ ಶಾಸನ, ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಬರಬಹುದಾದ 6 ದೋಷಗಳನ್ನೂ ಎಣಿಸುತ್ತದೆ. ಆ ದೋಷಗಳ ಸಾಲಿನಲ್ಲಿ ಮೊದಲು ಬರುವುದು ಏರಿಯಿಂದ ನೀರು ಜಿನುಗುವುದು. ಇಂದಿನ ಅಣೆಕಟ್ಟು ತಜ್ಞರು ಮಣ್ಣಿನ ಏರಿಯ ಪರೀಕ್ಷೆಗೆ ಹೋದಾಗ ಮೊದಲು ಹುಡುಕುವುದೂ ಇದನ್ನೇ ಎಂಬುದನ್ನು ನೆನೆದರೆ, ಆರೂವರೆ ಶತಮಾನಗಳ ಹಿಂದಿನ ಆ ಜಾಣ್ಮೆಗೆ ತಲೆದೂಗಬೇಕಾಗುತ್ತದೆ.

ಜ್ಞಾನದ ಜೊತೆಗೆ ವ್ಯವಸ್ಥೆಯೂ ಇತ್ತು. ಕೆರೆಯ ನಿರ್ವಹಣೆಗಾಗಿ ಬಿತ್ತುವಟ್ಟ, ಕೊಡಗೆ, ದಶವಂದ ಎಂಬ ಹೆಸರುಗಳಿಂದ ಭೂಮಿಯನ್ನೂ ಆದಾಯವನ್ನೂ ಬಿಟ್ಟುಕೊಡುತ್ತಿದ್ದರು. ಹೂಳೆತ್ತುವ ಬಂಡಿಗೂ ಅದನ್ನೆಳೆಯುವ ಕೋಣಗಳಿಗೂ ದತ್ತಿಗಳಿದ್ದವು. ಊರಿನ ಆಯಗಾರರಲ್ಲಿ ಒಬ್ಬನಾದ ನೀರುಗಂಟಿ ತೂಬನ್ನು ತೆರೆಯುವವನು ಮಾತ್ರವಲ್ಲ, ಏರಿಯನ್ನು ನಿತ್ಯ ನಡೆದು ನೋಡುವವನು. ಮಳೆಗಾಲದ ರಾತ್ರಿ ಕೋಡಿಯ ಸದ್ದು ಬದಲಾದರೆ ಅವನ ಕಿವಿಗೆ ತಿಳಿಯುತ್ತಿತ್ತು. ಕೆರೆ ಒಡೆಯುವ ಸೂಚನೆ ಕಂಡಾಗ ಊರನ್ನು ಎಚ್ಚರಿಸುವವನೂ ಅವನೇ. ಭಾಗೀರಥಿಯ ಬಲಿದಾನವನ್ನು ಹಾಡುವ ನಮ್ಮ ಜನಪದದ ‘ಕೆರೆಗೆ ಹಾರ’ವನ್ನು ಕೇಳಿದಾಗ ಕಣ್ಣು ತೇವವಾಗುತ್ತದೆ, ನಿಜ. ಆದರೆ ಕೆರೆಗಳನ್ನು ಶತಮಾನಗಳ ಕಾಲ ಉಳಿಸಿದ್ದು ಒಬ್ಬಳ ಬಲಿಯಲ್ಲ, ಹೆಸರಿಲ್ಲದ ನೀರುಗಂಟಿಗಳ ದಿನನಿತ್ಯದ ನಡಿಗೆ.

ಏರಿ ಹೇಗೆ ಒಡೆಯುತ್ತದೆ?

ಮಣ್ಣಿನ ಏರಿ ಸಾಮಾನ್ಯವಾಗಿ ಮೂರು ಬಗೆಯಲ್ಲಿ ಕೆಡುತ್ತದೆ. ಒಂದನೆಯದು, ಕೋಡಿಯ ಅಗಲ ಸಾಲದೆ ಅಥವಾ ಕೋಡಿ ಮುಚ್ಚಿಹೋಗಿ ನೀರು ಏರಿಯ ಮೇಲೆಯೇ ಹರಿಯುವುದು. ಕಲ್ಲಿನ ಕಟ್ಟೆ ಇದನ್ನು ಸ್ವಲ್ಪ ಹೊತ್ತು ತಾಳೀತು, ಮಣ್ಣು ತಾಳಲಾರದು. ಎರಡನೆಯದು ಜಿನುಗು. ಇಲಿ, ಹೆಗ್ಗಣಗಳ ಬಿಲ, ಗೆದ್ದಲ ಹುತ್ತ, ಕೊಳೆತ ಬೇರಿನ ಟೊಳ್ಳು, ತೂಬಿನ ಸುತ್ತಲಿನ ಸಂದು ಇವುಗಳ ಮೂಲಕ ನೀರು ದಾರಿ ಮಾಡಿಕೊಂಡು ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊರಕ್ಕೆ ಒಯ್ಯುತ್ತದೆ. ಮೂರನೆಯದು, ನೆನೆದ ಏರಿಯ ಮಗ್ಗುಲು ತನ್ನ ಭಾರಕ್ಕೆ ತಾನೇ ಕುಸಿಯುವುದು. ತುಂಬಿದ ಕೆರೆಯನ್ನು ಬೇಗನೆ ಬರಿದುಮಾಡಿದಾಗ ಒಳಮಗ್ಗುಲು ಕುಸಿಯುವ ಅಪಾಯ ಹೆಚ್ಚು.

ಹಳ್ಳಿಯ ಹಿರಿಯರು ತಿಳಿದಿದ್ದ ಒಂದು ಪರೀಕ್ಷೆ ಇಂದಿಗೂ ಪ್ರಮಾಣವಾದುದು. ಏರಿಯ ಹಿಂಬದಿಯಲ್ಲಿ ಜಿನುಗುವ ನೀರು ತಿಳಿಯಾಗಿದ್ದು, ಒಂದೇ ಪ್ರಮಾಣದಲ್ಲಿ ಬರುತ್ತಿದ್ದರೆ ಗಮನದಲ್ಲಿಟ್ಟುಕೊಂಡರೆ ಸಾಕು. ಅದು ಕದಡಿ ಕೆಂಪಾದರೆ, ಅಥವಾ ಮಳೆಯಿಲ್ಲದೆಯೂ ಹೆಚ್ಚಿದರೆ, ಏರಿಯ ಒಡಲೇ ಕೊಚ್ಚಿಹೋಗುತ್ತಿದೆಯೆಂದು ಅರ್ಥ. ಆಗ ಕಾಯಲು ಸಮಯವಿರುವುದಿಲ್ಲ. ಇದನ್ನು ಕಾಣಲು ದೊಡ್ಡ ಯಂತ್ರ ಬೇಡ. ಏರಿಯ ಹಿಂಬದಿಯನ್ನು ದಿನವೂ ನೋಡುವ ಎರಡು ಕಣ್ಣು ಬೇಕು.

ಕೈಯಿಂದ ಕೈಗೆ

ಆಧುನಿಕ ಆಡಳಿತ ಬಂದಂತೆ ಈ ಕಾವಲಿನ ಹೊಣೆ ಕೈಯಿಂದ ಕೈಗೆ ಸಾಗುತ್ತ ಬಂದಿತು. ಮೈಸೂರು ಸಂಸ್ಥಾನದಲ್ಲಿ ದೊಡ್ಡ ಕೆರೆಗಳು ಲೋಕೋಪಯೋಗಿ ಇಲಾಖೆಯ ವಶಕ್ಕೂ ಸಣ್ಣವು ಕಂದಾಯ ಇಲಾಖೆ ಮತ್ತು ರೈತರ ಪಾಲಿಗೂ ಬಂದವು. ರೈತರನ್ನು ಮತ್ತೆ ಹೊಣೆಗಾರರನ್ನಾಗಿ ಮಾಡಲು 1911ರಲ್ಲಿ ಕೆರೆ ಪಂಚಾಯಿತಿ ರೆಗ್ಯುಲೇಷನ್ ಬಂದಿತು. ಏಕೀಕರಣದ ನಂತರ 1965ರ ನೀರಾವರಿ ಅಧಿನಿಯಮ ಜಾರಿಗೆ ಬಂದಿತು. ಈಚಿನ ದಶಕಗಳಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಜಿಲ್ಲಾ ಪಂಚಾಯಿತಿಗೂ, 40ರಿಂದ 2,000 ಹೆಕ್ಟೇರಿನವು ಸಣ್ಣ ನೀರಾವರಿ ಇಲಾಖೆಗೂ ಸೇರಿದವು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘವು ಊರೂರುಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಲು ಹೊರಟಿತು. ನಗರದ ಕೆರೆಗಳ ವಿಷಯದಲ್ಲಿ 1980ರ ದಶಕದ ಲಕ್ಷ್ಮಣರಾವ್ ಸಮಿತಿ, 2002ರ ಕೆರೆ ಅಭಿವೃದ್ಧಿ ಪ್ರಾಧಿಕಾರ, 2014ರ ಕೆರೆ ಸಂರಕ್ಷಣಾ ಅಧಿನಿಯಮ ಹೀಗೆ ಒಂದರ ಹಿಂದೊಂದು ಬಂದವು. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ ಹೋಗಿ ನಗರಕ್ಕೆ ಐದು ಪಾಲಿಕೆಗಳಾದವು.

ಇವುಗಳಲ್ಲಿ ಯಾವುದನ್ನೂ ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಪ್ರತಿಯೊಂದರ ಹಿಂದೆಯೂ ಸದುದ್ದೇಶವಿತ್ತು. ಆದರೆ ಕಡತಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವಾಗ ಏರಿಯ ಪರಿಚಯ ಅವುಗಳ ಜೊತೆಗೆ ಹೋಗುವುದಿಲ್ಲ. ಯಾವ ವರ್ಷ ಎಲ್ಲಿ ಜಿನುಗಿತ್ತು, ಯಾವ ಮಳೆಗೆ ಕೋಡಿಯಲ್ಲಿ ಎಷ್ಟು ನೀರು ಹರಿದಿತ್ತು, ತೂಬನ್ನು ಎಂದು ಮುಚ್ಚಿದರು ಎಂಬ ತಿಳಿವಳಿಕೆ ನೀರುಗಂಟಿಯ ತಲೆಯಲ್ಲಿ ತಲೆಮಾರುಗಳ ಕಾಲ ಉಳಿದಿತ್ತು. ಅವನು ಹೋದ ಮೇಲೆ ಅದನ್ನು ಬರೆದಿಡುವವರು ಅನೇಕ ಕಡೆ ಯಾರೂ ಆಗಲಿಲ್ಲ.

ಏರಿಯ ಕೆಳಗಿನ ಬದಲಾವಣೆ

ಈಗ ಮತ್ತೆ ಸ್ಯಾಂಕಿ ಕೆರೆಗೆ ಬರೋಣ. 1882ರಲ್ಲಿ ಈ ಏರಿ ಎದ್ದಾಗ ಮಲ್ಲೇಶ್ವರಂ ಬಡಾವಣೆ ಇನ್ನೂ ಹುಟ್ಟಿರಲಿಲ್ಲ. 1898ರ ಪ್ಲೇಗಿನ ತರುವಾಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಆ ಬಡಾವಣೆಯನ್ನು ನಿರ್ಮಿಸಿದರು. ಅನಂತರ ಸುತ್ತಲ ಬಡಾವಣೆಗಳು ಬೆಳೆದವು. ಒಂದು ಕಾಲಕ್ಕೆ ಗಿಡಮರಗಳೂ ಬಯಲೂ ಇದ್ದ ಏರಿಯ ಕೆಳಮಗ್ಗುಲಿನಲ್ಲಿ ಇಂದು ಮನೆಗಳ ಸಾಲು. ಸರಪಳಿಯ ಉಳಿದ ಕೊಂಡಿಗಳೂ ಕಳಚಿದವು. ಧರ್ಮಾಂಬುಧಿಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಎದ್ದಿತು. ಮಿಲ್ಲರ್ ಕೆರೆ ಮಾಯವಾಯಿತು. ಮೇಲಿನ ಕೆರೆ ತುಂಬಿ ಹರಿದರೆ ಆ ನೀರನ್ನು ಹಿಡಿದಿಡಲು ಕೆಳಗೆ ಹಿಂದಿನ ಕೆರೆಗಳಿಲ್ಲ. ಇರುವುದು ಬೀದಿಗಳು ಮತ್ತು ಚರಂಡಿಗಳು.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಏರಿಯ ಎತ್ತರ ಒಂದು ಅಂಗುಲವೂ ಹೆಚ್ಚಿಲ್ಲ. ಕೆರೆಯ ವಿಸ್ತಾರವೂ ಹಿಗ್ಗಿಲ್ಲ. ಆದರೂ ಆ ಏರಿಯ ಹೊಣೆ ನೂರ್ಮಡಿಯಾಗಿದೆ. ಹೊಲದ ಮೇಲಿನ ಏರಿ ಒಡೆದರೆ ಒಂದು ವರ್ಷದ ಬೆಳೆ ಹೋದೀತು. ಮನೆಗಳ ಮೇಲಿನ ಏರಿ ಒಡೆದರೆ ಹೋಗುವುದನ್ನು ಬೆಳೆಯಂತೆ ಮರುವರ್ಷ ಪಡೆಯಲಾಗದು. ಅಣೆ ಎಷ್ಟು ದೊಡ್ಡದೆಂಬುದಕ್ಕಿಂತ ಅದರ ಕೆಳಗೆ ಯಾರು ಮಲಗಿದ್ದಾರೆಂಬುದೇ ಅಪಾಯದ ನಿಜವಾದ ಅಳತೆ.

ಏರಿಯ ಮೇಲಿನ ರಸ್ತೆಯನ್ನು ಅಗಲಿಸುವ ಯೋಜನೆಗಾಗಿ 2011ರಲ್ಲಿ ಮರಗಳಿಗೆ ಕೊಡಲಿ ಬಿದ್ದಾಗ ಮಲ್ಲೇಶ್ವರಂ, ಸದಾಶಿವನಗರ, ವೈಯಾಲಿಕಾವಲ್ ಕಡೆಯ ನಾಗರಿಕರು ಪ್ರತಿಭಟಿಸಿದರು. ಮತ್ತೆ 2023ರಲ್ಲಿ ಇಲ್ಲಿ ಮೇಲ್ಸೇತುವೆಯ ಮಾತು ಬಂದಾಗಲೂ ವಿರೋಧ ಎದ್ದಿತು. ಇದನ್ನು ಬರಿಯ ಮರಗಳ ಮೇಲಿನ ಮಮತೆಯೆಂದು ತಿಳಿಯಬಾರದು. ಏರಿಯ ಮೇಲಿನ ಹಳೆಯ ಮರವನ್ನು ಕಡಿದರೆ ನೆಲದೊಳಗಿನ ಬೇರು ಕೆಲವು ವರ್ಷಗಳಲ್ಲಿ ಕೊಳೆತು ಟೊಳ್ಳಾಗುತ್ತದೆ. ಆ ಟೊಳ್ಳೇ ನೀರಿಗೆ ಕೊಳವೆ. ಡಾಂಬರು ಹಾಸಿದ ಏರಿಯಲ್ಲಿ ಬಿರುಕು ಕಾಣುವುದಿಲ್ಲ. ತಡೆಗೋಡೆ ಕಟ್ಟಿದ ಮಗ್ಗುಲಿನಲ್ಲಿ ಜಿನುಗು ಕಾಣುವುದಿಲ್ಲ. ರಸ್ತೆಯಾಗಿ ನೋಡುವವರಿಗೆ ಅದು ರಸ್ತೆಯಷ್ಟೇ. ಅದನ್ನು ಮೊದಲು ಅಣೆಯೆಂದು ನೋಡಿ, ಆಮೇಲೆ ರಸ್ತೆಯೆಂದು ನೋಡಬೇಕಾದುದು ನ್ಯಾಯ. ಈ ಏರಿ ಇಂದೋ ನಾಳೆಯೋ ಬೀಳುತ್ತದೆಂದು ಹೆದರಿಸುವುದು ನಮ್ಮ ಮಾತಿನ ತಾತ್ಪರ್ಯವಲ್ಲ. ನೂರನಲವತ್ತು ವರ್ಷಗಳಿಗೂ ಮಿಕ್ಕಿ ನಿಂತ ಏರಿಯನ್ನು ಹಾಗೆಯೇ ನಿಲ್ಲುತ್ತದೆಂದು ಮರೆತುಬಿಡಬಾರದು ಎಂಬುದಷ್ಟೇ.

ಮರೆತರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2019ರ ನವೆಂಬರ್ 24ರಂದು ಬೆಂಗಳೂರಿನ ದಕ್ಷಿಣದ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಅದು ಮಹಾಮಳೆಯ ದಿನವಲ್ಲ. ಏರಿಯನ್ನು ಯಂತ್ರದಿಂದ ಅಗೆದದ್ದು ಆ ಅನಾಹುತಕ್ಕೆ ಕಾರಣವಾಯಿತು. ಏರಿಯೆಂದರೆ ಬರಿಯ ಮಣ್ಣಿನ ದಿಬ್ಬವೆಂದು ತಿಳಿದವರ ಕೈಯಲ್ಲಿ ಶತಮಾನಗಳ ಅಣೆಯೂ ಒಂದು ಗಳಿಗೆಯಲ್ಲಿ ಹೋಗಬಲ್ಲದು.

ಕಾನೂನಿನ ಗೆರೆ

ದೊಡ್ಡ ಅಣೆಗಳ ವಿಷಯದಲ್ಲಿ ದೇಶಕ್ಕೆ ಕಹಿಯಾದ ಅನುಭವಗಳಾಗಿವೆ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ಅಣೆ ಒಡೆದು ಮೋರ್ಬಿ ಪಟ್ಟಣದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಬಂದ ಪ್ರವಾಹವನ್ನು ಹೊರಬಿಡುವ ಸಾಮರ್ಥ್ಯ ಆ ಅಣೆಯ ಕೋಡಿಗೆ ಇರಲಿಲ್ಲ. ನಮ್ಮ ತುಂಗಭದ್ರಾ ಜಲಾಶಯದಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೆಯ ತೂಬಿನ ಬಾಗಿಲು ಸರಪಳಿ ತುಂಡಾಗಿ ಕೊಚ್ಚಿಹೋದುದು ಎಲ್ಲರ ನೆನಪಿನಲ್ಲಿದೆ. ಇದಕ್ಕೆ ವಿರುದ್ಧವಾದ ಒಂದು ನಿದರ್ಶನವೂ ನಮ್ಮಲ್ಲಿಯೇ ಇದೆ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ಅಷ್ಟು ವರ್ಷ ಒಣಗಿದ್ದ ಕೋಡಿ ನೀರು ಬಂದ ದಿನ ನೀರಿಗೆ ದಾರಿ ಬಿಟ್ಟಿತು. ಮೂರು ತಲೆಮಾರು ಬಳಕೆಗೆ ಬಾರದ ಕೋಡಿಯನ್ನು ಮುಚ್ಚದೆ ಉಳಿಸಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೋರ್ಬಿಯ ದುರಂತವಾದ 42 ವರ್ಷಗಳ ಮೇಲೆ, 2021ರ ಡಿಸೆಂಬರಿನಲ್ಲಿ, ಅಣೆಕಟ್ಟು ಸುರಕ್ಷತಾ ಅಧಿನಿಯಮ ಜಾರಿಗೆ ಬಂದಿತು. ರಾಷ್ಟ್ರೀಯ ಪ್ರಾಧಿಕಾರ, ರಾಜ್ಯ ಸಮಿತಿ, ರಾಜ್ಯ ಸುರಕ್ಷತಾ ಸಂಸ್ಥೆಗಳನ್ನು ರಚಿಸಿ, ಮಳೆಗಾಲದ ಮುನ್ನ ಮತ್ತು ನಂತರ ತಪಾಸಣೆಯನ್ನೂ ತುರ್ತು ಯೋಜನೆಯನ್ನೂ ಕಡ್ಡಾಯ ಮಾಡಿದ ಆ ಕಾನೂನು ಸ್ವಾಗತಾರ್ಹವಾದುದು. ಆದರೆ ಅದರ ವ್ಯಾಪ್ತಿ 15 ಮೀಟರಿಗಿಂತ ಎತ್ತರದ ಅಣೆಗಳಿಗೆ. 10ರಿಂದ 15 ಮೀಟರಿನವುಗಳಿಗೆ ಉದ್ದ, ಸಂಗ್ರಹ ಮೊದಲಾದ ಕೆಲವು ನಿಬಂಧನೆಗಳ ಮೇಲೆ. 10 ಮೀಟರಿಗೂ ಕೆಳಗಿನ ಏರಿ ಈ ಗೆರೆಯ ಹೊರಗೇ ಉಳಿಯುತ್ತದೆ. ನಮ್ಮ ರಾಜ್ಯದ ಸುಮಾರು 36,000 ಕೆರೆಗಳಲ್ಲಿ ಬಹುಪಾಲು ಇಂಥವೇ. ಅವುಗಳ ಮೇಲ್ವಿಚಾರಣೆ ರಾಜ್ಯದ ಇಲಾಖೆಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಸೇರಿದ್ದು. ಅದಕ್ಕೂ ಮೇಲಾಗಿ, ಅವುಗಳ ಕೆಳಗೆ ಬದುಕುವ ಜನಕ್ಕೆ ಸೇರಿದ್ದು.

ನಮ್ಮ ಕರ್ತವ್ಯ

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಏರಿ ಒಡೆದ ಮೇಲೆ ಸಮಿತಿ ನೇಮಿಸುವುದರಿಂದ ಏನು ಫಲ? ಮಠದಲ್ಲಿ ಓದಿ ಹೊರಬಂದ ಹಿರಿಯ ವಿದ್ಯಾರ್ಥಿಗಳು ಇಂದು ಊರೂರುಗಳಲ್ಲಿ ಇಂಜಿನಿಯರುಗಳಾಗಿ, ಅಧ್ಯಾಪಕರಾಗಿ, ಪಂಚಾಯಿತಿಯ ಸದಸ್ಯರಾಗಿ ಇದ್ದಾರೆ. ತಮ್ಮ ಊರಿನ ಕೆರೆಗೆ ಒಂದು ಪುಸ್ತಕ ತೆರೆಯುವುದು ಅವರಿಗೆ ದೊಡ್ಡ ಶ್ರಮವಲ್ಲ. ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಏರಿಯ ಎರಡೂ ಮಗ್ಗುಲನ್ನು ನಡೆದು ನೋಡಲಿ. ಕೋಡಿ ತೆರೆದಿದೆಯೇ, ಅದರ ಮುಂದಿನ ಕಾಲುವೆಯ ಮೇಲೆ ಮನೆ ಎದ್ದಿದೆಯೇ, ತೂಬು ಆಡುತ್ತದೆಯೇ, ಜಿನುಗು ತಿಳಿಯೋ ಕೆಂಪೋ ಎಂಬ ನಾಲ್ಕು ಪ್ರಶ್ನೆಗಳಿಗೆ ದಿನಾಂಕ ಹಾಕಿ ಉತ್ತರ ಬರೆದಿಡಲಿ. ಕಂಡದ್ದನ್ನು ಸಂಬಂಧಪಟ್ಟ ಕಚೇರಿಗೆ ಬರಹದಲ್ಲಿ ತಿಳಿಸಲಿ. ಅಧಿಕಾರಿಗಳು ಬದಲಾದರೂ ಆ ಪುಸ್ತಕ ಊರಿನಲ್ಲಿ ಉಳಿಯುತ್ತದೆ.

ಸಿದ್ಧರಾಮೇಶ್ವರರಂತೆ ಕೆರೆ ಕಟ್ಟಿಸುವ ಭಾಗ್ಯ ಎಲ್ಲರಿಗೂ ಬಾರದು. ಕಟ್ಟಿದ ಕೆರೆಯನ್ನು ನಡೆದು ನೋಡುವ ಭಾಗ್ಯ ಮಾತ್ರ ಪ್ರತಿಯೊಬ್ಬರಿಗೂ ಉಂಟು. ವೈಯಾಲಿಕಾವಲಿನ ನಿವಾಸಿಗಳು ಸಂಜೆಯ ತಿರುಗಾಟಕ್ಕೆ ಸ್ಯಾಂಕಿ ಕೆರೆಗೆ ಹೋದಾಗ ನೀರಿನ ಕಡೆ ನೋಡಿ ಸಂತೋಷಪಡುವಂತೆ, ಒಮ್ಮೆ ತಿರುಗಿ ಏರಿಯ ಕೆಳಮಗ್ಗುಲನ್ನೂ ನೋಡಲಿ. ಅವರ ಬಡಾವಣೆಯ ಹೆಸರಿನಲ್ಲಿರುವ ಕಾವಲು ಅಂದು ಸಾರ್ಥಕವಾದೀತು.